ಲೇಸರ್ ಕಿರಣ ಮತ್ತು ಪ್ರಮಾದ: ಹಂಚಿಹೋದ ಹಿಂಸೆಯ ಕರ್ತೃತ್ವ

ಹಿಂಸೆಯ ಕರ್ತೃ ಯಾರು ಎಂಬುದು ಭಾರತೀಯ ದರ್ಶನಗಳಿಗೆ ಹಳೆಯ ಪ್ರಶ್ನೆಯೇ ಆದರೂ, ಒಂದೇ ಕೃತ್ಯವು ಹಲವು ಊರುಗಳಿಗೂ ಹಲವು ಕೈಗಳಿಗೂ ಹಂಚಿಹೋಗುವ ಇಂದಿನ ಶಸ್ತ್ರವ್ಯವಸ್ಥೆಯಲ್ಲಿ ಅದು ಹೊಸ ತೊಡಕನ್ನು ಪಡೆದಿದೆ. ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಲ್ಲಿ 2012ರಲ್ಲಿ ಉದ್ಘಾಟನೆಗೊಂಡ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆ ಕ್ಷಿಪಣಿಗಳ ಕಾರ್ಖಾನೆಯಲ್ಲ. ವಿಮಾನಗಳಲ್ಲಿ ಅಳವಡಿಸುವ ಗಣಕಗಳಂಥ ಎಲೆಕ್ಟ್ರಾನಿಕ್ ಸಾಧನಗಳು ಅದರ ಕ್ಷೇತ್ರ. ಅದೇ ಜಿಲ್ಲೆಯ ಬಂಗ್ರ ಮಂಜೇಶ್ವರದಲ್ಲಿ, ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವ ಜೈನರ ಬಸದಿಗಳಿವೆ. ಒಂದೇ ಜಿಲ್ಲೆಯ ಈ ಎರಡು ನೆಲೆಗಳನ್ನು ಜೊತೆಗಿಟ್ಟು ನೋಡಿದಾಗ, ಗುರಿಯಿಂದ ಬಹುದೂರದಲ್ಲಿ ಕುಳಿತು ಕೆಲಸ ಮಾಡುವವನಿಗೆ ಹಿಂಸೆಯಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುವ ಆಯುಧವೆಂದರೆ, ಹೆಲಿಕಾಪ್ಟರ್ ಅಥವಾ ವಿಮಾನದಿಂದ ಹಾರಿಸುವ ಲೇಸರ್ ನಿರ್ದೇಶಿತ ಟ್ಯಾಂಕ್ ನಿರೋಧಕ ಕ್ಷಿಪಣಿ. ಅಪಾಚೆ ಹೆಲಿಕಾಪ್ಟರ್ ಹೊರುವ ಹೆಲ್‌ಫೈರ್ ಕ್ಷಿಪಣಿಯ ಲೇಸರ್ ಮಾದರಿಗಳು ಇದರ ಪ್ರಸಿದ್ಧ ಉದಾಹರಣೆ. ಅಪಾಚೆ 2019ರ ಸೆಪ್ಟೆಂಬರಿನಲ್ಲಿ ಪಠಾಣ್‌ಕೋಟ್‌ನಲ್ಲಿ ಭಾರತೀಯ ವಾಯುಪಡೆಯನ್ನು ಸೇರಿತು. ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಕಿರಣವನ್ನು ನಿಗದಿತ ಸಂಕೇತದ ಮಿಡಿತಗಳಾಗಿ ಗುರಿಯ ಮೇಲೆ ಬೀಳಿಸಲಾಗುತ್ತದೆ, ಅಲ್ಲಿಂದ ಚದುರುವ ಬೆಳಕನ್ನು ಕ್ಷಿಪಣಿಯ ಮೂತಿಯಲ್ಲಿರುವ ಶೋಧಕವು ಗುರುತಿಸಿ ಅತ್ತ ತಿರುಗುತ್ತದೆ. ಕಿರಣ ಬಿಡುವವನು ಕ್ಷಿಪಣಿ ಹಾರಿಸಿದವನೇ ಆಗಬೇಕೆಂದಿಲ್ಲ. ಇನ್ನೊಂದು ಹೆಲಿಕಾಪ್ಟರಿನಲ್ಲಿರುವವನೋ ನೆಲದ ಮೇಲೆ ಅಡಗಿ ಕುಳಿತ ಸೈನಿಕನೋ ಆಗಿರಬಹುದು. ಆದರೆ ಕ್ಷಿಪಣಿ ತಾಗುವವರೆಗೂ ಅವನು ಕಿರಣವನ್ನು ಗುರಿಯ ಮೇಲೆ ನಿಲ್ಲಿಸಿಯೇ ಇರಬೇಕು. ಗುರಿ ಏಳೆಂಟು ಕಿಲೋಮೀಟರ್ ದೂರವಿದ್ದರೆ ಈ ಕಾಯುವಿಕೆ ಅರ್ಧ ನಿಮಿಷದಷ್ಟಾಗುತ್ತದೆ. ಅಷ್ಟರಲ್ಲಿ ಗುರಿಯ ಬಳಿ ನಿರಪರಾಧಿಗಳು ಕಾಣಿಸಿಕೊಂಡರೆ, ಕಿರಣವನ್ನು ಬದಿಗೆ ಸರಿಸಿ ಕ್ಷಿಪಣಿಯನ್ನು ಬಯಲಿನತ್ತ ತಿರುಗಿಸಲು, ಸಮಯ ಸಾಕಾಗುವಷ್ಟಿದ್ದರೆ, ಅವಕಾಶವಿದೆ.

ಹೀಗೆ ಹಲವರ ನಡುವೆ ಹರಡಿದ ಕೃತ್ಯವನ್ನು ಅಳೆಯಲು, ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸೂಕ್ಷ್ಮವಾದ ಮಾನದಂಡವೊಂದನ್ನು ಒದಗಿಸುತ್ತದೆ. ಸಂಕಲ್ಪಿಸುವುದು, ಸಾಧನಗಳನ್ನು ಕೂಡಿಸಿಕೊಳ್ಳುವುದು, ಕಾರ್ಯಕ್ಕೆ ತೊಡಗುವುದು ಎಂಬ ಮೂರು ಹಂತಗಳನ್ನು ಮನಸ್ಸು, ಮಾತು, ಕಾಯಗಳೆಂಬ ಮೂರರಿಂದಲೂ, ತಾನೇ ಮಾಡುವ ಕೃತ, ಇತರರಿಂದ ಮಾಡಿಸುವ ಕಾರಿತ, ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸುವ ಅನುಮತ ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ, ಅಂದರೆ ಆತ್ಮಕ್ಕೆ ಕಲೆಯಂತೆ ಹತ್ತುವ ಭಾವಗಳಿಂದಲೂ, ಗುಣಿಸಿದಾಗ ಕರ್ಮವು ಆತ್ಮದತ್ತ ಹರಿದುಬರುವ 108 ದಾರಿಗಳಾಗುತ್ತವೆ. ಈ ಎಣಿಕೆಯ ತಾತ್ಪರ್ಯವೇನೆಂದರೆ ಕೃತ್ಯವನ್ನು ಹತ್ತು ಜನ ಹಂಚಿಕೊಂಡ ಮಾತ್ರಕ್ಕೆ ಪಾಪವು ಹತ್ತು ಚೂರಾಗುವುದಿಲ್ಲ. ಪ್ರತಿಯೊಬ್ಬನ ಪಾಲನ್ನು ಅವನವನ ಭಾವವೇ ನಿರ್ಧರಿಸುತ್ತದೆ. ಆದ್ದರಿಂದ ಎಲೆಕ್ಟ್ರಾನಿಕ್ ಹಲಗೆಯೊಂದನ್ನು ಜೋಡಿಸಿದವನು ಕೊಂದವನಿಗೆ ಸಮನೆನ್ನುವುದು ಎಷ್ಟು ತಪ್ಪೋ, ಅವನಿಗೆ ಅದರ ಸೋಂಕೇ ಇಲ್ಲವೆನ್ನುವುದೂ ಅಷ್ಟೇ ತಪ್ಪು.

ಜೈನ ಚಿಂತನೆಯಲ್ಲಿ ಹಿಂಸೆಯ ತಿರುಳು ಇರುವುದು ಪ್ರಮಾದದಲ್ಲಿ, ಅಂದರೆ ಕಷಾಯಕ್ಕೊಳಗಾದ ಮನಸ್ಸಿನ ಎಚ್ಚರಗೇಡಿತನದಲ್ಲಿ. ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಆಕಸ್ಮಿಕವಾಗಿ ಜೀವಿಯೊಂದು ಸಿಕ್ಕಿ ಸತ್ತರೂ ಅವನಿಗೆ ಕರ್ಮಬಂಧವಿಲ್ಲ. ಎಚ್ಚರವಿಲ್ಲದವನಿಂದ ಯಾವ ಜೀವಿಯೂ ಸಾಯದಿದ್ದರೂ ಅವನಿಗೆ ಬಂಧ ತಪ್ಪಿದ್ದಲ್ಲ. ಈ ನೆಲೆಯಿಂದ ನೋಡಿದರೆ ಲೇಸರ್ ಆಯುಧದ ಪರವಾಗಿ ಸಾಮಾನ್ಯವಾಗಿ ಮುಂದಿಡುವ ನಿಖರತೆಯ ವಾದ ಅರ್ಧ ಮಾತ್ರ ನಿಲ್ಲುತ್ತದೆ. ನಿಖರತೆಯು ದ್ರವ್ಯಹಿಂಸೆಯನ್ನು, ಎಂದರೆ ಹೊರಗೆ ನಡೆಯುವ ಪ್ರಾಣಹಾನಿಯನ್ನು, ತಗ್ಗಿಸಬಲ್ಲುದಾದರೂ ಒಳಗಿನ ಭಾವಹಿಂಸೆಯನ್ನು ಅದು ಮುಟ್ಟುವುದಿಲ್ಲ. ಆದರೂ ಕಿರಣವನ್ನು ಹಿಡಿದು ನಿಲ್ಲುವ ಆ ಅರ್ಧ ನಿಮಿಷವು ಅಪ್ರಮಾದಕ್ಕೆ, ಮರಳಿ ಯೋಚಿಸುವ ಎಚ್ಚರಕ್ಕೆ, ಒಂದಿಷ್ಟು ಎಡೆಯನ್ನು ಉಳಿಸಿಕೊಡುತ್ತದೆ.

ಹೊಸ ತಂತ್ರಜ್ಞಾನ ಈ ಎಡೆಯನ್ನೇ ಕಿರಿದಾಗಿಸುತ್ತಿದೆ. ನಾಗ್ ಕ್ಷಿಪಣಿಯ ಹೆಲಿಕಾಪ್ಟರ್ ರೂಪವಾದ ಹೆಲಿನಾವನ್ನು 2022ರ ಏಪ್ರಿಲ್ 11ರಂದು ಪೋಖ್ರಣ್‌ನಲ್ಲಿ ಬೆಂಗಳೂರು ಮೂಲದ ಧ್ರುವ್ ಹೆಲಿಕಾಪ್ಟರಿನಿಂದ ಪರೀಕ್ಷಿಸಲಾಯಿತು. ಅದು ಗುರಿಯ ಉಷ್ಣಬಿಂಬವನ್ನು ಉಡಾವಣೆಗೆ ಮೊದಲೇ ಹಿಡಿದುಕೊಂಡು, ಆಮೇಲೆ ಮನುಷ್ಯನ ನೆರವಿಲ್ಲದೆ ಸಾಗುತ್ತದೆ. ಹಾರಿಸಿ ಮರೆತುಬಿಡಬಹುದಾದ ಈ ಬಗೆಯ ಪರವಾಗಿಯೂ ಒಂದು ನೈತಿಕ ವಾದವಿದೆ: ಕಿರಣ ಹಿಡಿದು ಕಾಯಬೇಕಾದ ಚಾಲಕ ಅಷ್ಟು ಹೊತ್ತು ಶತ್ರುವಿನ ಗುಂಡಿಗೆ ಒಡ್ಡಿಕೊಂಡಿರುತ್ತಾನೆ, ಅವನ ಪ್ರಾಣವೂ ಪ್ರಾಣವೇ. ಆತ್ಮರಕ್ಷಣೆ ಮತ್ತು ದೇಶರಕ್ಷಣೆಗಾಗಿ ನಡೆಯುವ ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ಅನಿವಾರ್ಯವೆಂದು ಜೈನರೂ ಒಪ್ಪಿದ್ದಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನಾಗಿದ್ದನು. ಆದರೆ ಸೈನಿಕನ ಪ್ರಾಣರಕ್ಷಣೆಗಾಗಿ ತಂದ ಮರೆವು ಅವನ ಮನಸ್ಸಿಗೂ ಇಳಿದರೆ, ಅದಕ್ಕೆ ಪ್ರಮಾದವೆಂಬುದೇ ಸರಿಯಾದ ಹೆಸರು.

ಅದೇ ಗೊಮ್ಮಟನ, ಅಂದರೆ ಬಾಹುಬಲಿಯ, ಕಥೆಯಲ್ಲಿ, ಸೈನ್ಯಗಳ ರಕ್ತಪಾತ ತಪ್ಪಿಸಲು ಅವನಿಗೂ ಅಣ್ಣ ಭರತನಿಗೂ ನಡುವೆ ಏರ್ಪಟ್ಟ ಮೊದಲ ಕಾಳಗ ದೃಷ್ಟಿಯುದ್ಧ, ರೆಪ್ಪೆ ಮಿಟುಕಿಸದೆ ಒಬ್ಬರನ್ನೊಬ್ಬರು ನೋಡುವ ಸ್ಪರ್ಧೆ. ಎಲ್ಲದರಲ್ಲೂ ಸೋತ ಭರತ ಕೊನೆಗೆ ಚಕ್ರರತ್ನವನ್ನು ಬಿಟ್ಟಾಗ, ಅದು ತಮ್ಮನನ್ನು ಕೊಲ್ಲದೆ ಬಲಗೊಂಡು ನಿಂತಿತು. ಅಂಥ ವಿವೇಕವನ್ನು ಯಾವ ಶೋಧಕಕ್ಕೂ ಅಳವಡಿಸಲಾಗಿಲ್ಲ. ಅಳವಡಿಸಿದರೂ ಬಿಟ್ಟವನ ದೋಷ ಅದರಿಂದ ತೊಳೆದುಹೋಗುತ್ತಿರಲಿಲ್ಲ, ಏಕೆಂದರೆ ಚಕ್ರ ಯಾರನ್ನೂ ಗಾಯಗೊಳಿಸದಿದ್ದರೂ ಭರತನ ಕ್ರೋಧದಲ್ಲಿ ಹಿಂಸೆ ಪೂರ್ತಿಯಾಗಿ ನಡೆದುಹೋಗಿತ್ತು. ಈ ಲೆಕ್ಕದಲ್ಲಿ ಸೀತಾಂಗೋಳಿಯ ಕೆಲಸಗಾರನಿಗಿಂತ ಹೆಚ್ಚು ಎಚ್ಚರ ವಹಿಸಬೇಕಾದವನು, ಏನನ್ನೂ ಜೋಡಿಸದೆ, ಏನನ್ನೂ ಹಾರಿಸದೆ, ಪರದೆಯ ಮೇಲೆ ಕ್ಷಿಪಣಿ ಗುರಿ ಮುಟ್ಟುವುದನ್ನು ಕಂಡು ಹಿಗ್ಗುವ ನೋಡುಗನಾಗಿರಬಹುದು; 108 ದಾರಿಗಳಲ್ಲಿ ಮೂರನೆಯ ಒಂದು ಭಾಗ, ಅಂದರೆ 36, ಅನುಮತದವೇ ಆಗಿವೆ.