ಯಾರೂ ಕೊಳ್ಳದ ಲೋಹ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಒಂದು ಲೋಟ ನೀರು ಕುಡೀತೀವಲ್ಲ, ಆ ನೀರಿಗೂ ಹರಿಹರಕ್ಕೂ ನಂಟಿದೆ. ಅಲ್ಲೇ ಹತ್ತಿರದ ರಾಜನಹಳ್ಳಿಯಿಂದ ತುಂಗಭದ್ರೆಯ ನೀರನ್ನು ಪಂಪ್ ಮಾಡಿ ಊರಿಗೆ ತರ್ತಾರೆ. ಅದೇ ನದಿಯ ಆಚೆ ದಡದಲ್ಲಿ ಕುಮಾರಪಟ್ಟಣ. ಅಲ್ಲಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ದಡದ ಹಳ್ಳಿಗಳ ಜನ ಹೋರಾಡಿದ್ದರು.

ಈಗ ವಿಜ್ಞಾನ ಹೊಸದೊಂದು ಆಸೆ ಹುಟ್ಟಿಸಿದೆ. ನೀರಲ್ಲಿ ಹತ್ತಾರು ಲೋಹಗಳ ಅಯಾನುಗಳಿದ್ದರೂ ಬೇಕಾದ ಒಂದನ್ನೇ ಹಿಡಿಯುವ ಪ್ರೋಟೀನು. 2014ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಚುವಾನ್ ಹೆ ತಂಡದವರು ಸಮುದ್ರದ ನೀರಿನಿಂದ ಯುರೇನಿಯಂ ಹಿಡಿಯುವಂಥದ್ದನ್ನು ವಿನ್ಯಾಸ ಮಾಡಿದರು. 2018ರಲ್ಲಿ ಒಂದು ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಲ್ಯಾನ್‌ಮಾಡ್ಯುಲಿನ್, ಕ್ಯಾಲ್ಸಿಯಂಗಿಂತ ಸುಮಾರು 10 ಕೋಟಿ ಪಟ್ಟು ಬಿಗಿಯಾಗಿ ಅಪರೂಪದ ಭೂಲೋಹಗಳನ್ನು ಹಿಡಿಯುತ್ತೆ. ಮೊಬೈಲು, ಎಲೆಕ್ಟ್ರಿಕ್ ಗಾಡಿಗೆ ಬೇಕಾದ ಲೋಹಗಳು ಇವು.

ಗಮನಿಸಿದ್ರಾ? ಎರಡೂ ಮಾರುಕಟ್ಟೆಯಲ್ಲಿ ಬೆಲೆ ಇರುವ ಲೋಹಗಳೇ. ಸೀಸ, ಕ್ಯಾಡ್ಮಿಯಂ ಹಿಡಿಯುವ ಪ್ರೋಟೀನೂ ಮಾಡಬಹುದು. ಆದರೆ ಹಿಡಿದದ್ದನ್ನು ಕೊಳ್ಳೋರು ಯಾರು? ಒಂದನ್ನು ಆರಿಸಿದಾಗ ಉಳಿದದ್ದನ್ನು ಬಿಟ್ಟ ಹಾಗೇ ಅಲ್ವಾ?

"ಲಾಭ ಇಲ್ಲದ ಕೆಲಸ ಕಂಪನಿ ಯಾಕೆ ಮಾಡಬೇಕು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬೆಲೆಬಾಳುವ ಲೋಹ ತೆಗೆದು ಮಾರೋದು ತಪ್ಪೇನಲ್ಲ. ಅಷ್ಟು ಮಾಡಿ "ನೀರು ಶುದ್ಧ ಮಾಡಿದ್ವಿ" ಅಂತ ಬೋರ್ಡು ಹಾಕೋದು ತಪ್ಪು.

ಇನ್ನೊಂದು ಮಾತು. ಸೀಸ ವಿಷ ಆಗೋದು ಹೇಗೆ ಗೊತ್ತಾ? ರಕ್ತದ ಹೀಮ್ ತಯಾರಿಗೆ ಬೇಕಾದ ಒಂದು ಕಿಣ್ವದಲ್ಲಿ ಸತುವಿಗೆ ಒಂದು ಜಾಗ ಇದೆ. ಸೀಸ ಬಂದು ಅಲ್ಲಿ ಕೂತುಬಿಡುತ್ತೆ, ಕಿಣ್ವದ ಕೆಲಸ ನಿಲ್ಲುತ್ತೆ. ನಮ್ಮ ದೇಹಕ್ಕೆ ಆ ಎರಡರ ವ್ಯತ್ಯಾಸ ಸರಿಯಾಗಿ ತಿಳಿಯಲ್ಲ. ಅಂದರೆ, ನದಿಯ ನೀರು ಕುಡಿಯುವವರ ದೇಹಕ್ಕೆ ಆರಿಸಿಕೊಳ್ಳುವ ಶಕ್ತಿ ಇಲ್ಲ. ಆ ಶಕ್ತಿ ಇರೋದು ಪ್ರಯೋಗಾಲಯದಲ್ಲಿ, ಅದಕ್ಕೆ ದುಡ್ಡು ಕೊಡುವವರ ಕೈಯಲ್ಲಿ. ಶಕ್ತಿ ಇದ್ದವರ ಮೇಲೇ ಹೊಣೆಯೂ ಬೀಳಬೇಕು.

ಹಾಗಾಗಿ ನನ್ನ ವಾದ ಇಷ್ಟೇ: ಮೊದಲು ಯಾವ ಲೋಹ ತೆಗೀಬೇಕು ಅನ್ನೋದನ್ನು ಅದರ ಬೆಲೆ ನೋಡಿ ತೀರ್ಮಾನಿಸಬಾರದು, ಅದು ಮಾಡುವ ಹಾನಿ ನೋಡಿ ತೀರ್ಮಾನಿಸಬೇಕು. ಖರ್ಚನ್ನು ಅದನ್ನು ನೀರಿಗೆ ಬಿಟ್ಟವರೇ ಕೊಡಬೇಕು. ಬಯೋಟೆಕ್ ಕಂಪನಿಯಲ್ಲಿ ಕೂತು ಮುಂದಿನ ಪ್ರಾಜೆಕ್ಟ್ ಆರಿಸುವ ಗೆಳೆಯರು ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ನಾವು ಹಿಡಿಯದೆ ಬಿಟ್ಟ ಲೋಹ ಯಾರ ಲೋಟ ಸೇರುತ್ತೆ?