ಕಾನೂನು ಒಪ್ಪಿತು, ಕಾಯಕ ಒಪ್ಪಿತೆ?



ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಉದಗೀರ, ನಿಲಂಗಾ, ಉಮರ್ಗಾ ಪೇಟೆಗಳಲ್ಲಿ ಲೆಕ್ಕದ ಪುಸ್ತಕಗಳು ಹೊರಬರುತ್ತವೆ. ಆ ದಿನಗಳಲ್ಲಿ ಮಠಕ್ಕೆ ಬರುವ ವ್ಯಾಪಾರಸ್ಥ ಭಕ್ತರು ಒಂದು ಮಾತು ಕೇಳುವುದುಂಟು: "ತೆರಿಗೆ ಕದಿಯುವುದು ತಪ್ಪು, ಒಪ್ಪಿದೆವು. ಆದರೆ ಕಾನೂನಿನಲ್ಲಿಯೇ ದಾರಿ ಇದ್ದು, ಆ ದಾರಿಯಿಂದ ನಾಲ್ಕು ಕಾಸು ಉಳಿಸಿಕೊಂಡರೆ ಅದರಲ್ಲಿ ಪಾಪವೇನು?" ಪ್ರಶ್ನೆ ಪ್ರಾಮಾಣಿಕವಾದುದು. ಅದನ್ನು ಹಾರಿಸಿಬಿಡದೆ ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮೊದಲು ಸುಲಭದ ಮಾತು. ಪಕ್ಕಾ ಬಿಲ್ಲು ಇಲ್ಲದೆ ಚೀಟಿಯ ಮೇಲೆ ಸಿಮೆಂಟು ಮಾರುವುದು ಕಳ್ಳತನ. ಅಂಗಡಿಯ ಲಾಭವನ್ನು ಹೊಲದ ಉತ್ಪನ್ನವೆಂದು ಬರೆದು, ಮಳೆ ಕಾಣದ ವರ್ಷದಲ್ಲಿಯೂ ಸಾತಬಾರಾ ಉತಾರೆಯ ಹತ್ತು ಎಕರೆಯಲ್ಲಿ ಲಕ್ಷಗಟ್ಟಲೆ ತೊಗರಿ ಬೆಳೆದಂತೆ ತೋರಿಸುವುದೂ ಕಳ್ಳತನವೇ. ಇದಕ್ಕೆ ಪ್ರವಚನ ಬೇಕಿಲ್ಲ.

ಕಾನೂನು ತಾನಾಗಿ ಕೊಟ್ಟ ರಿಯಾಯಿತಿ ಬೇರೆ. ರೈತನ ಕೃಷಿ ಆದಾಯದ ಮೇಲೆ ಕೇಂದ್ರದ ಆದಾಯ ತೆರಿಗೆ ಇಲ್ಲ. 1886ರ ಕಾಯ್ದೆಯ ಕಾಲದಿಂದ ಬಂದ ಈ ವಿನಾಯಿತಿ 1961ರ ಕಾಯ್ದೆಯಲ್ಲಿ 10(1)ನೇ ಕಲಮಿನಲ್ಲಿತ್ತು; 2025ರ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಮಳೆಯನ್ನೇ ನಂಬಿದ ನಮ್ಮ ರೈತ ಬಂಧುಗಳು ಇದನ್ನು ಪಡೆಯುವಾಗ ತಲೆ ತಗ್ಗಿಸಬೇಕಾಗಿಲ್ಲ. ಹಾಗೆಯೇ ವರ್ಷಕ್ಕೆ ಒಂದೂವರೆ ಕೋಟಿಯೊಳಗೆ ವಹಿವಾಟು ಇರುವ ಅಂಗಡಿಕಾರರು ಜಿ.ಎಸ್.ಟಿ.ಯ ಕಾಂಪೋಸಿಷನ್ ಯೋಜನೆಯಲ್ಲಿ ಶೇಕಡಾ 1ರಂತೆ ತುಂಬಬಹುದು. ಸಣ್ಣವರಿಗೆಂದೇ ಮಾಡಿದ ದಾರಿ ಅದು. ಅದರಲ್ಲಿ ನಡೆಯುವವನು ಯಾರನ್ನೂ ವಂಚಿಸಿದಂತಾಗಲಿಲ್ಲ.

ತೊಡಕು ಇರುವುದು ಇವೆರಡರ ನಡುವೆ. ಕಾಗದ ಸರಿಯಾಗಿದೆ, ಸಹಿ ಸರಿಯಾಗಿದೆ, ಆದರೆ ಬದುಕು ಕಾಗದದಂತಿಲ್ಲ. ಅಣ್ಣತಮ್ಮಂದಿರ ಒಲೆಗಳು ಬೇರೆಯಾಗಿ ಹತ್ತು ವರ್ಷವಾಗಿರುತ್ತದೆ, ಮಾತೂ ನಿಂತಿರುತ್ತದೆ. ಆದರೆ ಆಸ್ತಿಯ ಪಾಲು ಆಗಿಲ್ಲವೆಂದು ತೆರಿಗೆಯ ಕಡತದಲ್ಲಿ ಮಾತ್ರ ಅವಿಭಕ್ತ ಕುಟುಂಬ ಸುಖವಾಗಿ ಬಾಳುತ್ತಿರುತ್ತದೆ. ಇನ್ನೊಬ್ಬರು ವಹಿವಾಟು ಮಿತಿ ದಾಟಬಾರದೆಂದು ಹೆಂಡತಿಯ ಹೆಸರಿನಲ್ಲಿ ಎರಡನೆಯ ಅಂಗಡಿ ತೆರೆಯುತ್ತಾರೆ. ಆ ತಾಯಿ ತನ್ನ ಬಂಡವಾಳ ಹಾಕಿ, ಗಲ್ಲೆಯ ಮೇಲೆ ಕುಳಿತು, ಲಾಭವನ್ನು ತನ್ನ ಕೈಯಲ್ಲಿ ಎಣಿಸಿದರೆ ಅದು ಅವರ ಕಾಯಕ, ನಾವು ಸಂತೋಷಪಡುತ್ತೇವೆ. ಆದರೆ ಯಾವ ಕಾಗದಕ್ಕೆ ಸಹಿ ಹಾಕಿದೆನೆಂಬುದೇ ಅವರಿಗೆ ತಿಳಿಯದಿದ್ದರೆ, ಅಲ್ಲಿ ಮೋಸ ಹೋದದ್ದು ಸರ್ಕಾರವೊಂದೇ ಅಲ್ಲ.

ನ್ಯಾಯಾಲಯಗಳು ಏನೆನ್ನುತ್ತವೆ? ಮ್ಯಾಕ್‌ಡೊವೆಲ್ ಎಂಬ ಮದ್ಯದ ಕಂಪನಿ ತಾನು ತುಂಬಬೇಕಾದ ಅಬಕಾರಿ ಸುಂಕವನ್ನು ಕೊಳ್ಳುವವರಿಂದಲೇ ನೇರವಾಗಿ ಖಜಾನೆಗೆ ಕಟ್ಟಿಸಿ, ಆ ಮೊತ್ತವನ್ನು ತನ್ನ ವಹಿವಾಟಿನಿಂದ ಹೊರಗಿಟ್ಟು ಮಾರಾಟ ತೆರಿಗೆ ಉಳಿಸಲು ನೋಡಿತು. 1985ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಾನೂನಿನ ಚೌಕಟ್ಟಿನಲ್ಲಿ ತೆರಿಗೆಯ ಯೋಜನೆ ಮಾಡಿಕೊಳ್ಳಬಹುದು, ಬಣ್ಣ ಹಚ್ಚಿದ ಉಪಾಯ ಯೋಜನೆಯಾಗದು ಎಂದಿತು. 2003ರಲ್ಲಿ ಅದೇ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಕಾನೂನಿಗೆ ಸರಿಯಾದ ವ್ಯವಹಾರವನ್ನು ತೆರಿಗೆ ಉಳಿಸುವ ಉದ್ದೇಶವಿತ್ತೆಂದು ಮಾತ್ರಕ್ಕೆ ತಳ್ಳಿಹಾಕಲಾಗದು ಎಂದಿತು. 2017ರಿಂದ ಇಂಥ ಉಪಾಯಗಳನ್ನು ತಡೆಯುವ ನಿಯಮ ಬಂದಿದೆ. ಅದು ಮೂರು ಕೋಟಿಗೂ ಹೆಚ್ಚು ತೆರಿಗೆ ಉಳಿಸಿದವರಿಗೆ ಮಾತ್ರ. ನಮ್ಮ ಪೇಟೆಯ ಅಂಗಡಿಗೆ ಅದು ತಟ್ಟುವುದೇ ಅಪರೂಪ. ಆದ್ದರಿಂದ ಇಲ್ಲಿ ನೋಡಬೇಕಾದ ಕಣ್ಣು ಒಂದೇ, ನಮ್ಮ ಅಂತಃಸಾಕ್ಷಿ.

ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಹೋದರೆ ಬಸವಕಲ್ಯಾಣದ ದಾರಿ ದೂರವಿಲ್ಲ. ಆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು ಬಸವಣ್ಣನವರು. ನಮ್ಮ ಧರ್ಮಗುರು ರಾಜ್ಯದ ಬೊಕ್ಕಸದ ಕಾಯಕ ಮಾಡಿದವರೆಂಬುದನ್ನು ನಾವು ಮರೆಯಬಾರದು. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಕದ್ದಿರಲಿಲ್ಲ, ಯಾರೂ ತಡೆದೂ ಇರಲಿಲ್ಲ. ಯಾವ ಪಂಚಾಯಿತಿಯೂ ಅವರ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಆದರೆ ಲಕ್ಕಮ್ಮನವರು ಕೇಳಿದ್ದು "ತಪ್ಪೇ?" ಎಂದಲ್ಲ, "ಬೇಕೇ?" ಎಂದು. ನಮ್ಮ ಲೆಕ್ಕದ ಪುಸ್ತಕಕ್ಕೂ ಈ ಪ್ರಶ್ನೆಯೇ ಸಾಕು.

"ತುಂಬಿದ ಹಣವನ್ನು ಸರ್ಕಾರ ಪೋಲು ಮಾಡುತ್ತದೆ" ಎನ್ನುವವರಿದ್ದಾರೆ. ಪೋಲಾದುದರ ಲೆಕ್ಕವನ್ನು ಧೈರ್ಯದಿಂದ ಕೇಳೋಣ. ತಾನು ತುಂಬಿದವನ ದನಿಗೆ ಬಲ ಹೆಚ್ಚು. ಆದರೆ ನಮ್ಮ ಸೀಮೆ ಪಡೆದುದನ್ನೂ ನೆನೆಯೋಣ. 1972ರ ಬರಗಾಲದಲ್ಲಿ ಆರಂಭವಾದ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆಗೆ ಹಣ ಕೂಡಿಸಲೆಂದು 1975ರಲ್ಲಿ ವೃತ್ತಿ ತೆರಿಗೆ ಬಂತು. ಮುಂಬಯಿಯ ನೌಕರನ ಸಂಬಳದಿಂದ ಮುರಿದ ಹಣ ಮರಾಠವಾಡಾದಲ್ಲಿ ಕಲ್ಲು ಒಡೆದವರ, ಕೆರೆ ತೋಡಿದವರ ಕೂಲಿಯಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ, ಸಾಸ್ತೂರ ಸೀಮೆಯ ಭೂಮಿ ನಡುಗಿ ಸಾವಿರಾರು ಜನ ಮಡಿದರು. ಆಮೇಲೆ ಎದ್ದ ಮರುವಸತಿಯ ಮನೆಗಳಿಗೆ ದಾನಿಗಳ ಹಣದ ಜೊತೆಗೆ ಸರ್ಕಾರದ ಹಣವೂ ವಿಶ್ವಬ್ಯಾಂಕಿನ ಸಾಲವೂ ಬಂತು. ಅಂಥ ಸಾಲ ತೀರುವುದು ಜನರ ತೆರಿಗೆಯಿಂದಲೇ. 2016ರಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಬಂದುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಗುರುತಿಲ್ಲದ ಎಷ್ಟೋ ಕೈಗಳು ನಮಗಾಗಿ ಕೊಟ್ಟಿವೆ. ತೆರಿಗೆಯೂ ಒಂದು ಬಗೆಯ ದಾಸೋಹವೆಂದರೆ ಹೆಚ್ಚಿನ ಮಾತಾಗದು.

ಮಠಗಳಿಗೆ ಸಂಬಂಧಿಸಿದ ಮಾತನ್ನೂ ಹೇಳಿಬಿಡಬೇಕು. ಮಾನ್ಯತೆ ಪಡೆದ ಧರ್ಮಾದಾಯ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ, ಬಹುಕಾಲ 80-ಜಿ ಎಂದೇ ಹೆಸರಾದ ರಿಯಾಯಿತಿ ಇದೆ. ಅದನ್ನು ಪಡೆಯುವುದರಲ್ಲಿ ದೋಷವಿಲ್ಲ. ಆದರೆ ಹತ್ತು ಸಾವಿರ ಕೊಟ್ಟು "ಇಪ್ಪತ್ತೈದಕ್ಕೆ ಪಾವತಿ ಬರೆಯಿರಿ" ಎಂದರೆ ಅದು ದಾಸೋಹವಲ್ಲ, ಸೌದಾ. ಕೊಟ್ಟಷ್ಟಕ್ಕೇ ಪಾವತಿ ಎಂಬುದು ನಮ್ಮ ನಿಯಮ. ಇದರಲ್ಲಿ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ. ಅದನ್ನು ತಿಳಿದೂ ಮೊದಲಿನಷ್ಟೇ ಕೊಡುವ ಭಕ್ತರಿದ್ದಾರೆ. ಅವರ ಕೈ ದಾಸೋಹದ ಕೈ.

ಆದ್ದರಿಂದ ಬಂಧುಗಳೇ, ಈ ಸಲ ಲೆಕ್ಕಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿರಿ. ಈ ತೆರಿಗೆಯೇ ಇಲ್ಲದಿದ್ದರೂ ನಾವು ಈ ವ್ಯವಹಾರವನ್ನು ಹೀಗೆಯೇ ಮಾಡುತ್ತಿದ್ದೆವೆ? ಇಲ್ಲವಾದರೆ, ಕಾನೂನು ಈ ರಿಯಾಯಿತಿಯನ್ನು ನಮ್ಮಂಥವರಿಗೆಂದೇ ಕೊಟ್ಟಿದೆಯೆ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಉಳಿಸಿರಿ. ಆ ಹಣ ನಿಮ್ಮ ಬೆವರಿನದು. ಎರಡಕ್ಕೂ ಇಲ್ಲವೆಂದು ಬಂದರೆ, ವಕೀಲರು ಸರಿಯೆಂದರೂ ಲಕ್ಕಮ್ಮನವರು ಒಪ್ಪರು. ಆ ಹೆಚ್ಚಿನ ಅಕ್ಕಿಯನ್ನು ಅಂಗಳಕ್ಕೆ ಸುರಿದು ಬರುವುದೇ ಲೇಸು.



— ಕಾರ್ಯದರ್ಶಿ