ಅನುಮಾನ ಯಾರ ಪಾಲಿಗೆ?

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಾನು ನಮ್ಮ ಬಡಾವಣೆಯ ಪಿಕಲ್‌ಬಾಲ್ ಗುಂಪಿಗೆ ಸೇರಿಕೊಂಡೆ. ಆಟದ ಮೇಲಿನ ಪ್ರೀತಿಯಿಂದ ಸೇರಿದ್ದಲ್ಲ. ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಾಗಿ ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಡಾಕ್ಟರು ಮಾತ್ರೆ ಬರೆದುಕೊಡುವ ಬದಲು ‘ಏನಾದರೂ ಆಟ ಆಡಿ’ ಎಂದಿದ್ದರು. ಬೆಂಗಳೂರಿನಲ್ಲಿ ಈಚೆಗೆ ಎಲ್ಲಿ ನೋಡಿದರೂ ಈ ಆಟದ್ದೇ ಟಪ್ ಟಪ್ ಸದ್ದು. ನಮ್ಮ ಪಾರ್ಕಿನ ಮೂಲೆಯಲ್ಲಿದ್ದ ಸಿಮೆಂಟಿನ ಬ್ಯಾಡ್ಮಿಂಟನ್ ಅಂಕಣದಿಂದಲೂ ಬೆಳಿಗ್ಗೆ ಆರಕ್ಕೆಲ್ಲ ಆ ಸದ್ದು ಕೇಳಿಬರುತ್ತಿತ್ತು. ಒಂದು ದಿನ ಹೋಗಿ ನಿಂತೆ. ಯಾರೋ ಕೈಗೊಂದು ಬ್ಯಾಟು ಕೊಟ್ಟರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1965ರ ಬೇಸಿಗೆಯಲ್ಲಿ, ಅಮೆರಿಕದ ಸಿಯಾಟಲ್ ನಗರದ ಎದುರಿಗಿರುವ ಬೈನ್‌ಬ್ರಿಜ್ ದ್ವೀಪದಲ್ಲಿ, ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಎಂಬಿಬ್ಬರು ಗೆಳೆಯರು ಮನೆಮಂದಿಯ ಬೇಸರ ಕಳೆಯಲು ಇದನ್ನು ಹುಟ್ಟುಹಾಕಿದರು. ಮನೆಯಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಕಣವಿತ್ತು. ಕೈಗೆ ಸಿಕ್ಕಿದ್ದು ಟೇಬಲ್ ಟೆನಿಸ್ ಬ್ಯಾಟು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು. ಹಾಗಾಗಿ ಇವತ್ತಿಗೂ ಇದರ ಅಂಕಣ ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದಷ್ಟೇ: 44 ಅಡಿ ಉದ್ದ, 20 ಅಡಿ ಅಗಲ. ನೆಟ್ಟಿನ ಎರಡೂ ಬದಿಗೆ ಏಳೇಳು ಅಡಿಯ ಪಟ್ಟಿಯೊಂದಿದೆ, ಅದಕ್ಕೆ ‘ಕಿಚನ್’ ಎಂದು ಹೆಸರು. ಅಲ್ಲಿ ನಿಂತು ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಂತಿಲ್ಲ. ಮೈಬಲ ಇದ್ದವನು ನೆಟ್ಟಿಗೆ ಅಂಟಿಕೊಂಡು ಚಚ್ಚದಿರಲಿ ಎಂದು ಇರುವ ನಿಯಮ ಅದು. ಅರವತ್ತೆಂಟರ ಮುದುಕರು ಇಪ್ಪತ್ತೆಂಟರ ನನ್ನನ್ನು ಸೋಲಿಸುವುದಕ್ಕೆ ಇದೇ ಮುಖ್ಯ ಕಾರಣ.

ನಮ್ಮ ಅಂಕಣದಲ್ಲಿ ಬ್ಯಾಡ್ಮಿಂಟನ್ನಿನ ಹಳೆಯ ಬಿಳಿ ಗೆರೆಗಳನ್ನು ಅಳಿಸದೆ, ಅದರ ಮೇಲೆಯೇ ಹಳದಿ ಗೆರೆ ಎಳೆದಿದ್ದಾರೆ. ಬ್ಯಾಡ್ಮಿಂಟನ್ನಿನ ಸರ್ವಿಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿ ದೂರ, ಕಿಚನ್ನಿನ ಗೆರೆ ಏಳು ಅಡಿ. ನಡುವಿನ ಆ ಅರ್ಧ ಅಡಿಯಲ್ಲಿ ನಾನು ಮೊದಲ ತಿಂಗಳೆಲ್ಲ ಎಡವಿದೆ. ಶಾಲೆಯ ದಿನಗಳಲ್ಲಿ ಬ್ಯಾಡ್ಮಿಂಟನ್ ಆಡಿದ ಕಾಲುಗಳು ಬಿಳಿ ಗೆರೆಯನ್ನೇ ನಂಬುತ್ತಿದ್ದವು. ಮೆತ್ತಗೆ ಎತ್ತಿ ಹಾಕಬೇಕಾದಲ್ಲಿ ಕೈ ಸ್ಮ್ಯಾಶ್ ಹೊಡೆಯುತ್ತಿತ್ತು. ಇದೆಲ್ಲ ಅಭ್ಯಾಸದಿಂದ ಸರಿಹೋಯಿತು. ಇಂದಿಗೂ ಪೂರ್ತಿ ಸರಿಹೋಗದ ಸಂಗತಿ ಇನ್ನೊಂದಿದೆ. ಈ ಬರಹ ಅದರ ಬಗ್ಗೆ.

ಇಂಥ ಬೆಳಗಿನ ಆಟಗಳಲ್ಲಿ ಅಂಪೈರ್ ಇರುವುದಿಲ್ಲ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳಬೇಕಾದವರು ಅದು ಯಾರ ಕಡೆ ಬಿತ್ತೋ ಅವರೇ. ಗುಂಪಿನಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ನಿವೃತ್ತ ಗಣಿತದ ಅಧ್ಯಾಪಕರೊಬ್ಬರಿದ್ದಾರೆ. ಮೊದಲ ದಿನ ಅವರು ನನಗೆ ಹೇಳಿದ್ದಿಷ್ಟು: ‘ನಿನ್ನ ಕಡೆ ಬಿದ್ದದ್ದಕ್ಕೆ ನೀನೇ ಜಡ್ಜು. ಗೆರೆಗೂ ಚೆಂಡಿಗೂ ಮಧ್ಯೆ ಜಾಗ ಸ್ಪಷ್ಟವಾಗಿ ಕಂಡರೆ ಮಾತ್ರ ಔಟು. ಅನುಮಾನ ಬಂತೋ, ಅದು ಎದುರಿನವರದು.’ ಇದು ಮೇಷ್ಟ್ರ ಸ್ವಂತ ಧರ್ಮಶಾಸ್ತ್ರವಲ್ಲ, ಆಟದ ನಿಯಮಪುಸ್ತಕದಲ್ಲೇ ಇರುವುದು. ಜೊತೆಗೆ ಇನ್ನೊಂದೂ ಇದೆ: ಜೋಡಿಯಲ್ಲಿ ಒಬ್ಬರು ಔಟ್ ಎಂದು, ಇನ್ನೊಬ್ಬರು ಇಲ್ಲ ಎಂದರೆ, ಅದೂ ಅನುಮಾನವೇ. ಚೆಂಡು ಒಳಗೆ.

ಕೇಳಿದಾಗ ವಿಚಿತ್ರ ಅನ್ನಿಸಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎನ್ನುವುದು ನ್ಯಾಯದ ಅತ್ಯಂತ ಹಳೆಯ ಸೂತ್ರಗಳಲ್ಲೊಂದು. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡುವಾಗ ‘ಗೆರೆ ತುಳಿದೆ’, ‘ಇಲ್ಲ, ತುಳಿದಿಲ್ಲ’ ಎಂದು ಆಟಕ್ಕಿಂತ ಜಗಳವೇ ಹೆಚ್ಚಾಗುತ್ತಿತ್ತು. ದೇವರಾಣೆ, ತಾಯಾಣೆ ಎಲ್ಲ ಆಗಿ, ಕೊನೆಗೆ ಯಾರ ದನಿ ದೊಡ್ಡದೋ ಅವರದೇ ನ್ಯಾಯ. ಇಲ್ಲಿ ನೋಡಿದರೆ ಬ್ಯಾಂಕಿನವರು, ಹೂವಿನ ವ್ಯಾಪಾರಿ, ಟೈಲರಿಂಗ್ ಅಂಗಡಿಯ ಅಕ್ಕ, ಕಾಲೇಜು ಹುಡುಗರು ಎಲ್ಲ ಸೇರಿ ಆಣೆ ಪ್ರಮಾಣಗಳಿಲ್ಲದೆ ದಿನವೂ ಎರಡು ಗಂಟೆ ಆಡುತ್ತಾರೆ. ಇದು ಹೇಗೆ ನಡೆಯುತ್ತದೆ? ಇವರೆಲ್ಲ ಒಳ್ಳೆಯವರು, ಅದಕ್ಕೇ ನಡೆಯುತ್ತದೆ ಎಂದುಕೊಂಡೆ. ನಾನೂ ಒಳ್ಳೆಯವರ ಪೈಕಿಯೇ ಎಂದೂ ಅಂದುಕೊಂಡಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಎದುರಿಗೆ ಮೇಷ್ಟ್ರು ಇದ್ದರು. ಹನ್ನೊಂದು ಅಂಕದ ಆಟ, ಎರಡರ ಅಂತರದಲ್ಲಿ ಗೆಲ್ಲಬೇಕು. ನಾವು ಹತ್ತು, ಅವರು ಒಂಬತ್ತು, ಸರ್ವ್ ನಮ್ಮದು. ಮೇಷ್ಟ್ರು ಚೆಂಡನ್ನು ಎತ್ತರಕ್ಕೆ ಎತ್ತಿ ನನ್ನ ತಲೆ ಮೇಲಿಂದ ಹಾಯಿಸಿದರು. ನಾನು ಹಿಂದೆ ಹಿಂದೆ ಓಡಿದೆ. ಚೆಂಡು ಹಿಂಬದಿಯ ಗೆರೆಯ ಹತ್ತಿರ ಬಿತ್ತು. ‘ಔಟ್’ ಎಂದೆ. ಜೊತೆಗಾರರು ಆ ಕಡೆ ನೋಡುತ್ತಿರಲಿಲ್ಲ. ಮೇಷ್ಟ್ರು ಒಂದು ಕ್ಷಣವೂ ತಡಮಾಡದೆ ‘ಸರಿ’ ಎಂದು ನೆಟ್ಟಿನ ಹತ್ತಿರ ಬಂದು ಬ್ಯಾಟಿಗೆ ಬ್ಯಾಟು ತಾಗಿಸಿದರು. ನಾನು ಅವರ ವಿರುದ್ಧ ಗೆದ್ದದ್ದು ಅದೇ ಮೊದಲು.

ಮನೆಗೆ ಬಂದು ಕಾಫಿ ಕುಡಿಯುವಾಗ ಆ ಚೆಂಡನ್ನು ಮತ್ತೆ ನೆನಪಿಸಿಕೊಳ್ಳಲು ನೋಡಿದೆ. ಗೆರೆ ನೆನಪಾಗುತ್ತದೆ, ಚೆಂಡು ನೆನಪಾಗುತ್ತದೆ, ಎರಡರ ನಡುವಿನ ಜಾಗ ಮಾತ್ರ ನೆನಪಾಗುವುದಿಲ್ಲ. ಓಡುತ್ತಾ, ಭುಜದ ಮೇಲಿಂದ, ಓರೆಯಾಗಿ ನೋಡಿದ್ದು. ನಿಜ ಹೇಳಬೇಕೆಂದರೆ ಔಟ್ ಎಂಬ ಪದ ಚೆಂಡು ನೆಲ ಮುಟ್ಟುವ ಮೊದಲೇ ನನ್ನ ಬಾಯಿಗೆ ಬಂದಿತ್ತು. ಹಾಗಂತ ನಾನು ಸುಳ್ಳು ಹೇಳಿದೆನೇ? ಇಲ್ಲ. ಹೇಳಿದ ಕ್ಷಣದಲ್ಲಿ ಅದು ಔಟ್ ಎಂದು ನಾನು ನಂಬಿದ್ದೆ. ನನ್ನನ್ನು ಕಾಡಿದ್ದು ಇದೇ. ಸುಳ್ಳು ಹೇಳಿದ್ದರೆ ಪಶ್ಚಾತ್ತಾಪಕ್ಕೆ ಒಂದು ಜಾಗವಾದರೂ ಇರುತ್ತಿತ್ತು.

ಪ್ರಾಮಾಣಿಕತೆ ಎಂದರೆ ಗೊತ್ತಿರುವುದನ್ನು ತಿರುಚದೆ ಹೇಳುವುದು ಎಂದು ನಾವು ಕಲಿತಿದ್ದೇವೆ. ಆದರೆ ಗೊತ್ತಿರುವ ವಿಷಯದಲ್ಲಿ ಸುಳ್ಳು ಹೇಳುವವರು ನಮ್ಮ ನಡುವೆ ಅಷ್ಟೇನೂ ಹೆಚ್ಚಿಲ್ಲ. ನಾವು ತಪ್ಪುವುದು ಸರಿಯಾಗಿ ಗೊತ್ತಿಲ್ಲದ ಕಡೆ. ಅನುಮಾನ ಹುಟ್ಟಿದ ಕೂಡಲೇ ಮನಸ್ಸು ಅದನ್ನು ಖಚಿತ ಮಾಡಿ ಕೈಗಿಡುತ್ತದೆ, ಅದೂ ನಮಗೆ ಬೇಕಾದ ಕಡೆಗೆ. ‘ಪಕ್ಷಪಾತ’ ಎಂಬ ಪದವನ್ನು ದಿನವೂ ಬಳಸುವ ನಮಗೆ ಅದರ ಅರ್ಥ ಒಂದು ಪಕ್ಷದ ಕಡೆಗೆ ಬೀಳುವುದು ಎಂದು ನೆನಪಿರುವುದಿಲ್ಲ. ಬೀಳುವುದು, ಜಿಗಿಯುವುದಲ್ಲ. ಬೀಳುವವನಿಗೆ ಉದ್ದೇಶ ಬೇಕಿಲ್ಲ, ಇಳಿಜಾರು ಇದ್ದರೆ ಸಾಕು.

ಹಾಗೆ ನೋಡಿದಾಗ ಆ ನಿಯಮದ ಜಾಣತನ ತಿಳಿಯಿತು. ಅದು ಆಟಗಾರರ ಒಳ್ಳೆಯತನವನ್ನು ನಂಬಿ ಕೂತಿಲ್ಲ. ಪ್ರತಿಯೊಬ್ಬರ ಕಣ್ಣೂ ತನ್ನ ಕಡೆಗೆ ವಾಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಎದುರು ತಟ್ಟೆಯಲ್ಲಿ ಒಂದು ತೂಕ ಇಟ್ಟಿದೆ. ಅಂಥ ಸಂದರ್ಭ ಬರುವ ಮುಂಚೆಯೇ, ಯಾರಿಗೂ ಆಸೆ ಹುಟ್ಟುವ ಮುಂಚೆಯೇ, ಅನುಮಾನ ಯಾರ ಪಾಲಿಗೆ ಎಂದು ತೀರ್ಮಾನಿಸಿಟ್ಟಿದೆ.

ಇಲ್ಲಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನೆನಪಾಗುತ್ತಾರೆ. 1980ರಲ್ಲಿ ಮುಂಬೈಯ ಜುಬಿಲಿ ಟೆಸ್ಟ್‌ನಲ್ಲಿ ಅವರು ಭಾರತದ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟಿದ್ದರು. ಬ್ಯಾಟಿಗೆ ಚೆಂಡು ತಾಗಿಲ್ಲ ಎಂದು ಮನಗಂಡ ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಈ ಕಥೆಯನ್ನು ನಾವು ದೊಡ್ಡತನದ ಕಥೆಯಾಗಿ ಹೇಳುತ್ತೇವೆ, ಅದು ಸರಿಯೇ. ಅಲ್ಲಿ ತೀರ್ಪು ಕೊಡಲು ಅಂಪೈರ್ ಇದ್ದರು. ವಿಶ್ವನಾಥ್ ಸುಮ್ಮನಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ಪಾರ್ಕಿನ ಅಂಕಣದಲ್ಲಿ ಅಂಥ ಔದಾರ್ಯಕ್ಕೆ ಎಡೆಯೇ ಇಲ್ಲ. ಅನುಮಾನವನ್ನು ಎದುರಿನವರಿಗೆ ಕೊಡುವುದು ಅಲ್ಲಿ ದಾನವಲ್ಲ, ಬಾಕಿ ತೀರಿಸಿದ ಹಾಗೆ.

ಈ ವ್ಯತ್ಯಾಸ ನನಗೆ ತಿಳಿದದ್ದು ಬೈಸಿಕೊಂಡ ಮೇಲೆ. ಆ ಗೆಲುವಿನ ನಂತರ ಕೆಲವು ದಿನ ನಾನು ಅತಿಯಾಗಿ ಧಾರಾಳಿಯಾದೆ. ಎರಡು ಬೆರಳು ಹೊರಗೆ ಬಿದ್ದದ್ದು ಕಣ್ಣಾರೆ ಕಂಡರೂ ‘ಒಳಗೆ, ಒಳಗೆ’ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಮೇಷ್ಟ್ರು ಆಟ ನಿಲ್ಲಿಸಿದರು. ‘ಅದು ಔಟು. ಹೊಡೆದವನು ನಾನು, ನನಗೇ ಕಂಡಿತು’ ಎಂದು ಅಂಕವನ್ನು ನಮಗೇ ಕೊಟ್ಟರು. ಆಮೇಲೆ ಬೆಂಚಿನ ಮೇಲೆ ಶೂ ಬಿಚ್ಚುತ್ತಾ, ‘ಅಂಕ ನಿನ್ನೊಬ್ಬನದಾ? ಜೊತೆಗೆ ಆಡಿದವರದ್ದೂ ಅಲ್ಲವಾ? ಅವರದ್ದನ್ನು ತೆಗೆದು ನನಗೆ ಕೊಟ್ಟು ನೀನು ಒಳ್ಳೆಯವನಾಗೋದು ಯಾವ ಲೆಕ್ಕ?’ ಎಂದರು. ಕಂಡದ್ದನ್ನು ಕಂಡಿಲ್ಲ ಎನ್ನುವುದೂ ಕಾಣದ್ದನ್ನು ಕಂಡೆ ಎನ್ನುವುದರ ಅಣ್ಣತಮ್ಮನೇ. ಎರಡರಲ್ಲೂ ಚೆಂಡಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಗಮನ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅನುಮಾನವಿದ್ದರೆ ಎದುರಿನವರಿಗೆ ಎನ್ನುವ ನಿಯಮ, ನನಗೆ ಅನುಮಾನವಿದೆ ಎಂದು ನನಗೆ ಗೊತ್ತಾದರೆ ತಾನೇ ಕೆಲಸ ಮಾಡುವುದು? ಡಿಸೆಂಬರಿನ ಆ ಬೆಳಿಗ್ಗೆ ನನ್ನಲ್ಲಿ ಅನುಮಾನವೇ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಅದು ಹುಟ್ಟಲೇ ಇಲ್ಲ. ಹುಟ್ಟದ ಅನುಮಾನವನ್ನು ಯಾವ ನಿಯಮ ತಾನೇ ಹಂಚೀತು?

ಉತ್ತರದ ಒಂದು ತುಣುಕು ಸಿಕ್ಕಿದ್ದು ಜನವರಿಯಲ್ಲಿ. ಅಂದು ನನ್ನ ಜೋಡಿ ಟೈಲರಿಂಗ್ ಅಂಗಡಿಯ ಅಕ್ಕ. ಮತ್ತೆ ಅಂಥದೇ ಕಡೆಯ ಅಂಕ, ಪಕ್ಕದ ಗೆರೆಯ ಮೇಲೆ ಚೆಂಡು. ನಾನು ಔಟ್ ಎಂದೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ. ‘ಇಲ್ಲ, ಗೆರೆ ಮುಟ್ಟಿತು’ ಎಂದು ಚೆಂಡು ಎತ್ತಿ ಎದುರಿನವರಿಗೆ ಎಸೆದರು. ಮೈಯೆಲ್ಲ ಉರಿಯಿತು. ನಮ್ಮ ಕಡೆಯವರೇ ನಮ್ಮ ವಿರುದ್ಧ ಸಾಕ್ಷಿ ಹೇಳುವುದೇ? ಆ ಆಟ ಸೋತೆವು. ಮನೆಗೆ ನಡೆಯುವಾಗ ಅರ್ಥವಾಯಿತು: ಆ ಗೆರೆಗೆ ಹತ್ತಿರವಿದ್ದವರು ಅವರು. ನನ್ನಲ್ಲಿ ಹುಟ್ಟದ ಅನುಮಾನವನ್ನು ಅವರು ನನ್ನ ಪರವಾಗಿ ಪಟ್ಟರು. ಎದುರಾಳಿ ಅದೇ ಮಾತು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ಅದು ಅವರ ಸ್ವಾರ್ಥ ಎನ್ನುತ್ತಿದ್ದೆ. ನನ್ನ ಜೊತೆಗೇ ಸೋಲಲು ತಯಾರಿದ್ದವರು ಹೇಳಿದ್ದರಿಂದ ನನಗೆ ಕೇಳಿಸಿತು.

ಇಷ್ಟನ್ನು ಆಟದ ಮಾತಾಗಿಯೇ ಮುಗಿಸಬಹುದಿತ್ತು. ಆದರೆ ಆ ವಾರವೇ ನಾನು ಪ್ರಯೋಗಾಲಯದಲ್ಲಿ ಮಾಡುತ್ತಿದ್ದುದು ಇದೇ ಕೆಲಸ. ಮಲೆನಾಡಿನ ಒಂದು ಕೆರೆಯ ತಳದಿಂದ ತೆಗೆದ ಕೆಸರಿನ ಪದರಗಳಲ್ಲಿ ಹಳೆಯ ಪರಾಗದ ಕಣಗಳನ್ನು ಎಣಿಸುವುದು ನನ್ನ ಸಂಶೋಧನೆ. ಯಾವ ಪದರದಲ್ಲಿ ಧಾನ್ಯದ ಪರಾಗ ಹೆಚ್ಚುತ್ತದೋ, ಆ ಕಾಲಕ್ಕೆ ಸುತ್ತಲೂ ಬೇಸಾಯ ಬಂದಿತ್ತು ಎಂದು ಊಹಿಸಬಹುದು. ಕಷ್ಟವೆಂದರೆ ಹುಲ್ಲಿನ ಜಾತಿಯ ಪರಾಗವೆಲ್ಲ ನೋಡಲು ಒಂದೇ ಥರ: ದುಂಡಗೆ, ಮೈಮೇಲೊಂದೇ ರಂಧ್ರ. ಕಾಡುಹುಲ್ಲಿನದು ಸಾಮಾನ್ಯವಾಗಿ ಚಿಕ್ಕದು, ಧಾನ್ಯದ್ದು ದೊಡ್ಡದು. ನಡುವೆ ಒಂದು ಗೆರೆ ಎಳೆದುಕೊಳ್ಳಬೇಕು. ಅದು ಎಲ್ಲ ಕಡೆಗೂ ಒಂದೇ ಅಲ್ಲ. ನನ್ನ ಎಣಿಕೆಯಲ್ಲಿ ಅದು 40 ಮೈಕ್ರಾನ್. ಮುದುಡಿದ ಕಣ 39 ಅಳೆದರೆ ‘ಬಿಡಿಸಿದ್ದರೆ 41 ಆಗುತ್ತಿತ್ತು’ ಎಂದು ಧಾನ್ಯದ ಕಡೆ ಬರೆದುಕೊಂಡಿದ್ದೆ. ಮುದುಡಿದ ಕಣ 38 ಅಳೆದಾಗಲೂ ಅದೇ ವಾದ. ನಾನು ಕಾಯುತ್ತಿದ್ದ ಪದರದಲ್ಲಿ ಮಾತ್ರ ಈ ವಾದ ನನಗೆ ಹೊಳೆಯುತ್ತಿತ್ತು. ಉಳಿದ ಪದರಗಳಲ್ಲಿ 39 ಎಂದರೆ 39 ಅಷ್ಟೇ. ಇದನ್ನೂ ನಾನು ಮೋಸವೆಂದು ತಿಳಿದು ಮಾಡಿರಲಿಲ್ಲ.

ಇಲ್ಲಿ ಆಟದ ನಿಯಮವನ್ನು ಹಾಗೇ ತಂದು ಕೂರಿಸಲು ಬರುವುದಿಲ್ಲ. ಅನುಮಾನವಿರುವ ಕಣಗಳನ್ನೆಲ್ಲ ಕಾಡುಹುಲ್ಲಿಗೆ ಕೊಟ್ಟುಬಿಟ್ಟರೆ ಅದೂ ಇನ್ನೊಂದು ಕಡೆಗೆ ಬಿದ್ದ ಹಾಗೆಯೇ. ಕೆರೆಯಲ್ಲಿ ಎದುರಾಳಿ ಯಾರೂ ಇಲ್ಲ. ಆಟದಲ್ಲಿ ತಕ್ಷಣ ತೀರ್ಪು ಬೇಕು, ಇಲ್ಲದಿದ್ದರೆ ಮುಂದಿನ ಸರ್ವ್ ಆಗುವುದಿಲ್ಲ. ವಿಜ್ಞಾನದಲ್ಲಿ ಕಾಯುವ ಸೌಲಭ್ಯವಿದೆ. ಪರಾಗದ ಎಣಿಕೆಯ ಹಾಳೆಯಲ್ಲಿ ‘ಗುರುತಿಸಲಾಗದ್ದು’ ಎಂದು ಒಂದು ಕಾಲಮ್ಮೇ ಇರುತ್ತದೆ. ಅದು ತುಂಬಿದಷ್ಟೂ ಎಣಿಸಿದವರ ಅಸಾಮರ್ಥ್ಯ ಎಂದು ನಾನು ಅದನ್ನು ಆದಷ್ಟೂ ಖಾಲಿ ಇಟ್ಟಿದ್ದೆ. ನಿಯಮ ಬೇರೆಯಾದರೂ ಜೊತೆಗಾರರು ಎರಡೂ ಕಡೆ ಬೇಕು. ಸ್ಲೈಡುಗಳ ಮೇಲಿನ ಪದರದ ಸಂಖ್ಯೆ ಮುಚ್ಚಿ, ಪಕ್ಕದ ಮೇಜಿನ ಗೆಳತಿಗೆ ಕೊಟ್ಟು, ಮೊದಲಿಂದ ಎಣಿಸಲು ಹೇಳಿದೆ.

ಅವಳ ಲೆಕ್ಕ ಬಂದಿದೆ. ನಾನು ಕಾಯುತ್ತಿದ್ದ ಪದರ ಕೈಬಿಟ್ಟಿತು. ಬೇಸಾಯದ ಗುರುತು ಇಲ್ಲವೆಂದಲ್ಲ, ಇದೆ ಎನ್ನಲು ಸಾಲದು. ಒಂದು ಅಧ್ಯಾಯವನ್ನು ಮತ್ತೆ ಬರೆಯಬೇಕು, ಪ್ರಬಂಧ ಒಪ್ಪಿಸುವುದು ಆರು ತಿಂಗಳು ಮುಂದಕ್ಕೆ ಹೋಗಬಹುದು, ಅಷ್ಟರಲ್ಲಿ ಫೆಲೋಶಿಪ್ ಮುಗಿಯುತ್ತದೆ. ಸತ್ಯಕ್ಕೆ ನಿಂತ ಸಮಾಧಾನವೇನೂ ನನಗಿಲ್ಲ. ಸಾಲ ತೀರಿಸಿದ ದಿನ ಜೇಬು ಖಾಲಿಯಾಗಿರುತ್ತದಲ್ಲ, ಹಾಗಿದೆ.

ಡಿಸೆಂಬರಿನ ಆ ಚೆಂಡಿನ ವಿಷಯವನ್ನು ಮೇಷ್ಟ್ರಿಗೆ ಕಳೆದ ವಾರ ಹೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ. ‘ಔಟೇ ಇದ್ದಿರಬಹುದು ಬಿಡು’ ಎಂದರು. ಇದ್ದಿರಲೂಬಹುದು. ಅವರು ನನಗೆ ಅನುಮಾನದ ಲಾಭ ಕೊಟ್ಟರು ಎಂದು ಹೊಳೆಯುವಷ್ಟರಲ್ಲಿ ಅವರು ಸರ್ವ್ ಮಾಡಲು ಹೋಗಿ ನಿಂತು, ಅಂಕ ಕೂಗುತ್ತಿದ್ದರು.